ಕಳೆ ಔಷಧಿ ಹೊಡೆಯುವ ಹೊಲಕ್ಕೆ ಯಾವ ಗೊಬ್ಬರ?

ಮುಂಗಾರು ಹತ್ತಿರ ಬಂತು ಅಂದರೆ ಹೊಸಕೋಟೆ, ದೇವನಹಳ್ಳಿ, ಆನೇಕಲ್ ಕಡೆಯ ಪರಿಚಯದವರಿಂದ ಹೆಚ್ಚುಕಮ್ಮಿ ಒಂದೇ ಪ್ರಶ್ನೆ. ಮನೆಯ ಕೊಟ್ಟಿಗೆ ಗೊಬ್ಬರ ಸಾಲುತ್ತಿಲ್ಲ. ಸಿಟಿ ಕಾಂಪೋಸ್ಟ್ ಲೋಡ್‌ಗಟ್ಟಲೆ ಸಿಗುತ್ತದೆ. ಕೋಳಿ ಫಾರಂನವರು ನಮ್ಮದನ್ನು ತಗೊಳ್ಳಿ ಅನ್ನುತ್ತಾರೆ. ಯಾರೋ ಬಯೋಚಾರ್ (ಗಾಳಿ ಹೆಚ್ಚು ಆಡದಂತೆ ಹುಲ್ಲು, ಕಟ್ಟಿಗೆ ಸುಟ್ಟು ಮಾಡುವ ಇದ್ದಿಲು) ಹಾಕಿ ಅಂದರಂತೆ. ಯಾವುದು ಹಾಕೋಣ? ನಾನು ತಿರುಗಿಸಿ ಕೇಳುವುದು ಇಷ್ಟು: ಕಳೆಗೆ ಏನು ಹೊಡೀತೀರಿ, ಯಾವಾಗ ಹೊಡೀತೀರಿ? ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಬಹಳ ಜನ ಮುಖ ನೋಡುತ್ತಾರೆ. ಸಂಬಂಧ ಇದೆ. ಗೊಬ್ಬರದ ಇಂಗಾಲ ಕಳೆನಾಶಕವನ್ನು ಹಿಡಿದಿಟ್ಟುಕೊಳ್ಳಬಹುದು, ಬೇಗ ಒಡೆದುಹೋಗುವಂತೆ ಮಾಡಬಹುದು, ಕೆಲವು ಸಲ ಕೆಳಕ್ಕೆ ತಳ್ಳಲೂಬಹುದು.

ಎಲೆಯ ಮೇಲೆ ಹೊಡೆಯುವ ಔಷಧಿ ಮಾತ್ರ ಬಳಸುವವರಿಗೆ ಈ ತಲೆಬಿಸಿ ಕಮ್ಮಿ. 2,4-ಡಿ, ಟೆಂಬೋಟ್ರಯೋನ್, ಗ್ಲೈಫೋಸೇಟ್ ಕಳೆಯ ಎಲೆಯಿಂದ ಒಳಗೆ ಹೋಗುತ್ತವೆ. ಕೆಳಗೆ ಯಾವ ಗೊಬ್ಬರ ಇದ್ದರೂ ಕಳೆ ಸಾಯುವುದರಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. (ಗ್ಲೈಫೋಸೇಟ್ ವಿಷಯದಲ್ಲಿ ಒಂದು ನೆನಪಿರಲಿ. 2022ರ ಅಕ್ಟೋಬರ್‌ನಲ್ಲಿ ಬಂದ ಕೇಂದ್ರದ ಆದೇಶದ ಪ್ರಕಾರ ಅದನ್ನು ಪರವಾನಗಿ ಇರುವ ಕೀಟ ನಿಯಂತ್ರಕರ ಮೂಲಕವೇ ಹೊಡೆಸಬೇಕು.) ತೊಂದರೆ ಶುರುವಾಗುವುದು ಬಿತ್ತಿದ ಒಂದೆರಡು ದಿನದಲ್ಲಿ ಮಣ್ಣಿನ ಮೇಲೆ ಹೊಡೆಯುವ ಔಷಧಿಗಳಲ್ಲಿ: ಮುಸುಕಿನ ಜೋಳಕ್ಕೆ ಅಟ್ರಜಿನ್, ಈರುಳ್ಳಿಗೆ ಆಕ್ಸಿಫ್ಲೋರ್ಫೆನ್, ಆಲೂಗಡ್ಡೆಗೆ ಮೆಟ್ರಿಬುಜಿನ್, ಹಲವು ತರಕಾರಿಗಳಿಗೆ ಪೆಂಡಿಮೆಥಾಲಿನ್. ಮೊಳಕೆ ಒಡೆಯುವ ಕಳೆಗೆ ಇವು ಮಣ್ಣಿನ ನೀರಿನಲ್ಲೇ ಸಿಗಬೇಕು. ಗೊಬ್ಬರ ಹಿಡಿದುಕೊಂಡರೆ ಕಳೆಗೆ ಸಿಗುವುದಿಲ್ಲ.

ಈ ನಾಲ್ಕರ ಗುಣವೂ ಒಂದೇ ಅಲ್ಲ. ಒಂದು ಲೀಟರ್ ನೀರಿನಲ್ಲಿ ಪೆಂಡಿಮೆಥಾಲಿನ್ ಸುಮಾರು 0.3 ಮಿಲಿಗ್ರಾಂ ಮಾತ್ರ ಕರಗುತ್ತದೆ. ಆಕ್ಸಿಫ್ಲೋರ್ಫೆನ್ ಕೂಡ ಅದೇ ಜಾತಿ. ಬಿದ್ದಲ್ಲೇ ಅಂಟಿಕೊಳ್ಳುತ್ತವೆ. ಅಟ್ರಜಿನ್ ಸುಮಾರು 33 ಮಿಲಿಗ್ರಾಂ ಕರಗುತ್ತದೆ, ಅರ್ಧ ಅಂಟುತ್ತದೆ, ಅರ್ಧ ಓಡುತ್ತದೆ. ಮೆಟ್ರಿಬುಜಿನ್ ಒಂದು ಸಾವಿರ ಮಿಲಿಗ್ರಾಂ ದಾಟುತ್ತದೆ. ಜೋರು ಮಳೆ ಬಿದ್ದರೆ ಬೇರಿನ ಕೆಳಗೆ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಗೊಬ್ಬರದ ಹಿಡಿತ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಲಾಭ.

ಯಾವುದನ್ನು ಇಟ್ಟುಕೊಂಡು ಅಳೆಯಬೇಕು?

ನಾನು ನೋಡುವುದು ಐದು ವಿಷಯ. ಹೊಡೆದ ಔಷಧಿಗೆ ಕಳೆ ಸಾಯುತ್ತದಾ? ಔಷಧಿ ಬೋರ್‌ವೆಲ್ ಕಡೆಗೆ ಇಳಿಯುತ್ತದಾ? ಮುಂದಿನ ಬೆಳೆಗೆ ಉಳಿದು ಕಾಟ ಕೊಡುತ್ತದಾ? ಗೊಬ್ಬರದ ಜೊತೆಗೇ ಕಳೆ ಬೀಜ, ಉಪ್ಪು, ಗಾಜು, ಸೀಸದಂಥ ಬೇಡದ್ದು ಬರುತ್ತದಾ? ಕೊನೆಗೆ ಖರ್ಚು, ಅಂದರೆ ಮಾಲಿನ ಬೆಲೆಯ ಜೊತೆಗೆ ಸಾಗಣೆ, ಹರಡುವ ಕೂಲಿ ಎಲ್ಲ.

ಇವುಗಳ ಮೇಲೆ ಹೋಲಿಸುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ಕಮ್ಮಿ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಹೆಚ್ಚು ಅಂತ ಬರೆದಿರುತ್ತಾರೆ. ನಿಮ್ಮದು 0.4 ಅಂತ ಇಟ್ಟುಕೊಳ್ಳಿ. ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್ ತೂಗುತ್ತದೆ. ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿದಿರಿ. ಅರ್ಧ ನೀರು ಕಳೆದರೆ ಒಣ ತೂಕ ಒಂದೂವರೆ ಟನ್. ಅದರಲ್ಲಿ ಇಂಗಾಲ ಸುಮಾರು 450 ಕಿಲೋ. ಉಳುಮೆ ಮಾಡಿ 15 ಸೆಂಟಿಮೀಟರ್‌ಗೆ ಬೆರೆಸಿದರೆ ಇಂಗಾಲ 0.40ರಿಂದ 0.45ಕ್ಕೆ ಹೋಯಿತು ಅಷ್ಟೆ. ಕಳೆನಾಶಕಕ್ಕೆ ಅದು ಗೊತ್ತೂ ಆಗುವುದಿಲ್ಲ. ಅದೇ ಗೊಬ್ಬರವನ್ನು ಮೇಲೆ ಚೆಲ್ಲಿ ಹಾಗೇ ಬಿಟ್ಟು ಔಷಧಿ ಹೊಡೆದರೆ? ಮೇಲಿನ ಮೂರು ಸೆಂಟಿಮೀಟರ್‌ನಲ್ಲೇ ಅಷ್ಟೂ ಇಂಗಾಲ ಕೂತಿದೆ. ಅಲ್ಲಿ 0.65 ಆಗಿಬಿಡುತ್ತದೆ. ಔಷಧಿ ಕೆಲಸ ಮಾಡಬೇಕಾದ್ದೂ ಆ ಮೂರು ಸೆಂಟಿಮೀಟರ್‌ನಲ್ಲೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಅಟ್ರಜಿನ್ ಹೊಡೆದ ಜೋಳದ ಹೊಲಕ್ಕೆ ಇಪ್ಪತ್ತು ದಿನ ಕಳೆದ ಮೇಲೆ ಹೋಗಿ. ಟ್ರ್ಯಾಕ್ಟರ್‌ನವರು ಗೊಬ್ಬರ ಗುಡ್ಡೆ ಇಳಿಸಿ, ಹರಡುವುದು ತಡವಾಗಿದ್ದರೆ, ಆ ಗುಡ್ಡೆಗಳಿದ್ದ ಜಾಗ ದೂರದಿಂದಲೇ ಗೊತ್ತಾಗುತ್ತದೆ. ಸುತ್ತ ಮಣ್ಣು ಕೆಂಪಗೆ ಬರಿದು, ನಡುವೆ ಮಂಕರಿಯಗಲದ ಹಸಿರು ವೃತ್ತ. ಕೂತು ಕೆದಕಿದರೆ ಕಪ್ಪು ಪುಡಿಯ ನಡುವೆ ಅರ್ಧ ಕೊಳೆತ ರಾಗಿ ಹುಲ್ಲಿನ ತುಂಡು, ಅದರೊಳಗಿಂದ ಎದ್ದ ಅಣ್ಣೆ ಸೊಪ್ಪು. ಬೀಜ ಬಂದದ್ದು ಗೊಬ್ಬರದಿಂದ, ಸಾರ ಸಿಕ್ಕಿದ್ದೂ ಅದರಿಂದ, ಔಷಧಿಯನ್ನು ಕಳೆಗೆ ಮುಟ್ಟದಂತೆ ತಡೆದದ್ದೂ ಅದೇ. ‘ಔಷಧಿ ಡೂಪ್ಲಿಕೇಟು ಸಾರ್’ ಅನ್ನುತ್ತಾರೆ. ಡೂಪ್ಲಿಕೇಟ್ ಆಗಿದ್ದರೆ ಹೊಲದ ತುಂಬ ಕಳೆ ಇರಬೇಕಿತ್ತು, ಅಲ್ವಾ?

ಕೊಟ್ಟಿಗೆ ಗೊಬ್ಬರ

ಬೆಲೆಗೆ, ಗುಣಕ್ಕೆ ಎರಡಕ್ಕೂ ಈಗಲೂ ನನ್ನ ಮೊದಲ ಆಯ್ಕೆ ಇದೇ. ಆದರೆ ‘ಕಳಿತದ್ದು’ ಅನ್ನುವ ಷರತ್ತಿನ ಮೇಲೆ. ಹಸಿ ಸಗಣಿಗೂ ಕಳಿತ ಗೊಬ್ಬರಕ್ಕೂ ಕಳೆನಾಶಕದ ದೃಷ್ಟಿಯಿಂದ ಅಜಗಜಾಂತರ. ಕಳಿತದ್ದರಲ್ಲಿ ಇಂಗಾಲ ಗಟ್ಟಿ ರೂಪದಲ್ಲಿದೆ. ಅದು ಔಷಧಿಯನ್ನು ಮಿತವಾಗಿ ಹಿಡಿಯುತ್ತದೆ, ನಿಧಾನವಾಗಿ ಬಿಡುತ್ತದೆ, ಸೂಕ್ಷ್ಮಜೀವಿಗಳನ್ನು ಹೆಚ್ಚಿಸಿ ಔಷಧಿ ಒಡೆಯುವುದಕ್ಕೂ ನೆರವಾಗುತ್ತದೆ. ಹಸಿಯದರಲ್ಲಿ ನೀರಿನಲ್ಲಿ ಕರಗುವ ಇಂಗಾಲ ಜಾಸ್ತಿ. ಹಸಿ ಗೊಬ್ಬರದ ಮೇಲೆ ಮಳೆ ಬಿದ್ದಾಗ ಇಳಿಯುವ ಕಂದು ನೀರು ನೋಡಿರುತ್ತೀರಿ. ಪೆಂಡಿಮೆಥಾಲಿನ್ ತಾನಾಗಿ ನೀರಿನಲ್ಲಿ ಓಡಲಾರದು. ಆದರೆ ಆ ಕಂದು ನೀರಿನ ಜೊತೆ ಬೈಕಿನಲ್ಲಿ ಡ್ರಾಪ್ ತಗೊಂಡ ಹಾಗೆ ಸ್ವಲ್ಪ ಕೆಳಗೆ ಹೋಗಬಲ್ಲದು. ಕರಗಿದ ಇಂಗಾಲ ಮಣ್ಣಿನಲ್ಲಿ ಔಷಧಿ ಅಂಟುವ ಜಾಗವನ್ನೂ ತಾನೇ ಹಿಡಿದುಕೊಳ್ಳುತ್ತದೆ. ಗೋಬರ್ ಗ್ಯಾಸ್ ಸ್ಲರಿಯನ್ನು ಔಷಧಿ ಹೊಡೆದ ಬೆನ್ನಲ್ಲೇ ನೀರಿನ ಜೊತೆ ಬಿಡಬೇಡಿ ಅನ್ನುವುದು ಇದೇ ಕಾರಣಕ್ಕೆ.

ಕೊಟ್ಟಿಗೆ ಗೊಬ್ಬರದ ದೊಡ್ಡ ಮೈನಸ್ ಕಳೆ ಬೀಜ. ರಾಶಿಯೊಳಗೆ 55 ಡಿಗ್ರಿ ದಾಟಿ ಕೆಲವು ದಿನ ಬಿಸಿ ನಿಂತರೆ ಬಹುಪಾಲು ಬೀಜ ಸಾಯುತ್ತವೆ. ನಮ್ಮ ತಿಪ್ಪೆಗಳಲ್ಲಿ ನಡುವೆ ಮಾತ್ರ ಬಿಸಿ, ಅಂಚು ತಣ್ಣಗೆ. ಒಂದು ಸಲವಾದರೂ ಮಗುಚಿ ಹಾಕದಿದ್ದರೆ ಅಂಚಿನ ಕಾಂಗ್ರೆಸ್ ಗಿಡದ ಬೀಜವೆಲ್ಲ ಹೊಲಕ್ಕೇ. ಅರ್ಧ ಕಳೆ ನಾವೇ ತಂದು ಹಾಕಿ, ಅದಕ್ಕೆ ಔಷಧಿಯನ್ನೂ ನಾವೇ ಕೊಳ್ಳುತ್ತೇವೆ.

ಸಿಟಿ ಕಾಂಪೋಸ್ಟ್

ಬೆಂಗಳೂರಿನ ಹಸಿ ಕಸದಿಂದ ಗೊಬ್ಬರ ಮಾಡುವುದು ಹೊಸ ವಿಷಯವಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾದದ್ದು 1975ರಲ್ಲಿ. ಈಗ ಅಪಾರ್ಟ್‌ಮೆಂಟ್‌ಗಳೂ ತಮ್ಮ ಗೊಬ್ಬರವನ್ನು ಸುತ್ತಲಿನ ರೈತರಿಗೆ ಕೊಡುತ್ತವೆ. ಕೆಲವು ಕಡೆ ಪುಕ್ಕಟೆ, ಸಾಗಣೆ ಮಾತ್ರ ನಮ್ಮದು.

ಕಳೆನಾಶಕದ ಮಟ್ಟಿಗೆ ಚೆನ್ನಾಗಿ ಕಳಿತ ಸಿಟಿ ಕಾಂಪೋಸ್ಟ್ ಕೊಟ್ಟಿಗೆ ಗೊಬ್ಬರದ ಹಾಗೇ ನಡೆದುಕೊಳ್ಳುತ್ತದೆ. ಅಟ್ರಜಿನ್, ಮೆಟ್ರಿಬುಜಿನ್ ಓಡುವುದನ್ನು ತಡೆಯುವುದರಲ್ಲಿ ಒಂದು ಕೈ ಮೇಲೇ ಅನ್ನಬಹುದು, ಏಕೆಂದರೆ ಇದನ್ನು ಸಾಮಾನ್ಯವಾಗಿ ಜಾಸ್ತಿ ಪ್ರಮಾಣದಲ್ಲಿ ಹಾಕುತ್ತಾರೆ. ದೊಡ್ಡ ರಾಶಿಯಲ್ಲಿ ಬಿಸಿಯೂ ಏರುವುದರಿಂದ ಕಳೆ ಬೀಜ ಕಮ್ಮಿ. ಕೈಯಲ್ಲಿ ಹಿಡಿದು ನೋಡಿದಾಗ ಬೇರೆ ಕಥೆ. ಒಂದು ಬೊಗಸೆಯಲ್ಲಿ ಶಾಂಪೂ ಸ್ಯಾಷೆಯ ಮೂಲೆ, ಬೆಳ್ಳಗೆ ಮಿನುಗುವ ಗಾಜಿನ ಚೂರು, ಪ್ಲಾಸ್ಟಿಕ್ ದಾರ. ಬರಿಗೈಯಲ್ಲಿ ಹರಡುವ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಕೊಳ್ಳುವುದಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ ಕೇಳಿ: ಇಂಗಾಲ ಕನಿಷ್ಠ ಶೇ 12, ಇಂಗಾಲ–ಸಾರಜನಕ ಅನುಪಾತ 20ಕ್ಕಿಂತ ಕಮ್ಮಿ, ಉಪ್ಪಿನಂಶ (ವಿದ್ಯುತ್ ವಾಹಕತೆ) ಮೀಟರ್‌ಗೆ 4 ಡೆಸಿಸೀಮೆನ್ಸ್ ಒಳಗೆ, ಸೀಸ ಕಿಲೋಗೆ 100 ಮಿಲಿಗ್ರಾಂ ಒಳಗೆ, ಕ್ಯಾಡ್ಮಿಯಂ 5ರ ಒಳಗೆ. ಆ 20ರ ಅನುಪಾತ ಕಳಿತದ್ದರ ಗುರುತು. ಅದಿಲ್ಲದ ಕಾಂಪೋಸ್ಟ್ ಇನ್ನೂ ಹಸಿ, ಮೇಲೆ ಹೇಳಿದ ಕಂದು ನೀರಿನ ತೊಂದರೆ ಅದರಲ್ಲೂ ಇದೆ. ಮೂಗಿಗೆ ಹುಳಿ ವಾಸನೆ ಬಂದರೆ, ರಾಶಿಗೆ ಕೈ ಹಾಕಿದಾಗ ಬಿಸಿ ತಾಗಿದರೆ, ಚೀಟಿಯಲ್ಲಿ ಏನೇ ಬರೆದಿರಲಿ, ಸದ್ಯಕ್ಕೆ ಬೇಡ.

ಎರೆಗೊಬ್ಬರ

ಗುಣ ಚೆನ್ನಾಗಿದೆ, ಬೆಲೆ ಜಾಸ್ತಿ. ಎಕರೆಗಟ್ಟಲೆ ಹಾಕುವವರು ಕಮ್ಮಿ, ಹಾಕಬೇಕಾಗಿಯೂ ಇಲ್ಲ. ಎರೆಹುಳು ಬಿಸಿ ತಡೆಯುವುದಿಲ್ಲ, ಆದ್ದರಿಂದ ತೊಟ್ಟಿಯಲ್ಲಿ ಬಿಸಿ ಏರುವುದಿಲ್ಲ. ಮೊದಲೇ ಕೊಳೆಸದ ಸೊಪ್ಪುಸದೆ ಹಾಕಿದ್ದರೆ ಕಳೆ ಬೀಜ ಜೀವಂತವಾಗಿಯೇ ಬರುತ್ತದೆ. ನಾಟಿ ಗುಣಿಗೆ ಒಂದೊಂದು ಹಿಡಿ ಹಾಕುವ ಟೊಮೆಟೊ, ಕ್ಯಾಪ್ಸಿಕಂ ಬೆಳೆಗಾರರಿಗೆ ಇದು ಸರಿ. ಗೊಬ್ಬರ ಗುಣಿಯೊಳಗೆ, ಔಷಧಿ ಸಾಲಿನ ನಡುವೆ. ಎರಡೂ ಮುಖಾಮುಖಿ ಆಗುವುದೇ ಇಲ್ಲ. ದುಡ್ಡಿದ್ದರೆ ಇದಕ್ಕಿಂತ ಸರಳ ಉಪಾಯ ಇಲ್ಲ.

ಕೋಳಿ ಗೊಬ್ಬರ

ಸಾರಜನಕ, ರಂಜಕ ಎರಡೂ ಜೋರು. ತರಕಾರಿ, ದ್ರಾಕ್ಷಿ ಬೆಳೆಯುವವರು ಇದನ್ನು ಬಿಡುವುದಿಲ್ಲ. ಕಳೆನಾಶಕದ ಕಡೆಯಿಂದ ನೋಡಿದರೆ ಮಾತ್ರ ನನಗೆ ಅಷ್ಟು ಸಮಾಧಾನವಿಲ್ಲ. ಅಟ್ರಜಿನ್ ಒಡೆಯುವ ಬ್ಯಾಕ್ಟೀರಿಯಾಗಳು ಅದರೊಳಗಿನ ಸಾರಜನಕಕ್ಕಾಗಿಯೇ ಅದನ್ನು ಒಡೆಯುತ್ತವೆ. ಪಕ್ಕದಲ್ಲೇ ಸುಲಭವಾಗಿ ಸಿಗುವ ಸಾರಜನಕ ರಾಶಿ ಬಿದ್ದಿದ್ದರೆ ಅಟ್ರಜಿನ್ ಗೋಜಿಗೆ ಯಾಕೆ ಹೋಗುತ್ತವೆ? ಔಷಧಿ ಉಳಿದುಕೊಳ್ಳುವ ಸಾಧ್ಯತೆ ಹೆಚ್ಚು. ಯೂರಿಯಾ ಜಾಸ್ತಿ ಹಾಕಿದರೂ ಇದೇ ಕಥೆ. ಗ್ಲೈಫೋಸೇಟ್ ವಿಷಯ ಇನ್ನೊಂದು ಥರ. ಅದು ಇಂಗಾಲಕ್ಕೆ ಅಷ್ಟಾಗಿ ಅಂಟುವುದಿಲ್ಲ, ನಮ್ಮ ಮಣ್ಣನ್ನು ಕೆಂಪಗೆ ಮಾಡಿರುವ ಕಬ್ಬಿಣಕ್ಕೆ, ಜೊತೆಗೆ ಅಲ್ಯೂಮಿನಿಯಂಗೆ ಅಂಟುತ್ತದೆ. ರಂಜಕವೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ವರ್ಷವರ್ಷ ಕೋಳಿ ಗೊಬ್ಬರ ಬಿದ್ದು ರಂಜಕ ತುಂಬಿದ ತೋಟದಲ್ಲಿ ಗ್ಲೈಫೋಸೇಟ್‌ನ ಹಿಡಿತ ಸಡಿಲವಾಗುತ್ತದೆ.

ಹಾಗಂತ ಬಿಡಬೇಕಿಲ್ಲ. ಭತ್ತದ ಹೊಟ್ಟಿನ ಜೊತೆ ರಾಶಿ ಹಾಕಿ, ಮಗುಚಿ, ಎರಡು ಮೂರು ತಿಂಗಳು ಕಳಿಯಲು ಬಿಟ್ಟು ಹಾಕಿದರೆ ಅರ್ಧ ತಕರಾರು ಮುಗಿಯುತ್ತದೆ. ಸೀದಾ ಫಾರಂನಿಂದ ಹೊಲಕ್ಕೆ ಮಾತ್ರ ಬೇಡ.

ಬಯೋಚಾರ್, ಇದ್ದಿಲು, ಕರಿ ಬೂದಿ

ಔಷಧಿಯನ್ನು ಹಿಡಿಯುವುದರಲ್ಲಿ ಇದರ ಮುಂದೆ ಯಾವ ಗೊಬ್ಬರವೂ ನಿಲ್ಲುವುದಿಲ್ಲ. ತಕರಾರಿರುವುದೂ ಅಲ್ಲೇ. ಮಣ್ಣಿಗೆ ಶೇ 1ರಷ್ಟು ಗೋಧಿ ಹುಲ್ಲಿನ ಬಯೋಚಾರ್ ಬೆರೆಸಿದ ಪ್ರಯೋಗದಲ್ಲಿ ಕಳೆ ಸಾಯಲು ಮೂರು ಪಟ್ಟಿಗಿಂತ ಹೆಚ್ಚು ಅಟ್ರಜಿನ್ ಬೇಕಾಗಿತ್ತು. ಎಕರೆಗೆ ಶೇ 1 ಅಂದರೆ ಒಂಬತ್ತು ಟನ್. ಅಷ್ಟು ಯಾರೂ ಹಾಕುವುದಿಲ್ಲ ಬಿಡಿ. ಆದರೆ ಮೇಲ್ಮಣ್ಣಿನಲ್ಲೇ ಉಳಿದರೆ ಕಮ್ಮಿ ಹಾಕಿದರೂ ಪರಿಣಾಮ ಕಾಣುತ್ತದೆ, ಮತ್ತು ಇದು ಗೊಬ್ಬರದ ಹಾಗೆ ಒಂದೆರಡು ವರ್ಷಕ್ಕೆ ಕರಗಿ ಹೋಗುವುದಿಲ್ಲ. ಹಿಡಿದಿಟ್ಟುಕೊಂಡ ಔಷಧಿಯನ್ನು ಸೂಕ್ಷ್ಮಜೀವಿಗಳಿಗೂ ಬಿಡುವುದಿಲ್ಲ, ಹಾಗಾಗಿ ಒಡೆಯುವುದೂ ನಿಧಾನ.

ರೈಸ್ ಮಿಲ್‌ನ ಕರಿ ಬೂದಿ ಪುಕ್ಕಟೆ ಸಿಗುತ್ತದೆ ಅಂತ ಸುಮ್ನೆ ಹೊಲಕ್ಕೆ ಸುರಿಯುವವರು ಇದನ್ನು ಗಮನಿಸಬೇಕು. ಪೂರ್ತಿ ಸುಡದ ಕಪ್ಪು ಭಾಗ ಬಯೋಚಾರ್‌ನ ತಮ್ಮನೇ. ಮಣ್ಣಿಗೆ ಹೊಡೆಯುವ ಔಷಧಿಯನ್ನು ನಂಬಿಕೊಂಡವರಿಗೆ ಬಯೋಚಾರ್ ಬೇಡ ಅನ್ನುವುದು ನನ್ನ ಸಲಹೆ. ಕುಂಟೆ, ಕೂಲಿಯಲ್ಲೇ ಕಳೆ ನಿಭಾಯಿಸುವವರು, ಹಳೆಯ ಔಷಧಿ ಉಳಿದಿರುವ ಗುತ್ತಿಗೆ ಜಮೀನು ಹಿಡಿದವರು ಯೋಚಿಸಬಹುದು.

ಹಸಿರೆಲೆ ಗೊಬ್ಬರ, ಸೆಣಬು ಅಥವಾ ಹೊಂಗೆ ಸೊಪ್ಪು, ಅಗ್ಗ ಮತ್ತು ಒಳ್ಳೆಯದು. ಮಗುಚಿ ಎರಡು ಮೂರು ವಾರ ಕೊಳೆಯಲು ಬಿಟ್ಟು ಆಮೇಲೆ ಬಿತ್ತಿ, ಔಷಧಿ ಹೊಡೆದರೆ ಸಾಕು. ಎಸ್‌ಟಿಪಿ (ಚರಂಡಿ ನೀರು ಶುದ್ಧೀಕರಣ ಘಟಕ) ಕೆಸರು, ಶೌಚ ಗುಂಡಿ ಖಾಲಿ ಮಾಡುವ ಹನಿಸಕ್ಕರ್ ಟ್ಯಾಂಕರ್‌ನ ಮಾಲು ನನ್ನ ಪಟ್ಟಿಯಲ್ಲಿಲ್ಲ. ಸೋಪಿನ ಅಂಶ ಅಂಟಿದ ಔಷಧಿಯನ್ನು ಸಡಿಲಿಸಬಲ್ಲದು. ಅದಕ್ಕಿಂತ ಮುಖ್ಯವಾಗಿ ರೋಗಾಣು, ಭಾರ ಲೋಹದ ಭಯ ಇದ್ದಾಗ ಸೊಪ್ಪು ತರಕಾರಿಯ ಮಡಿಗೆ ಅದನ್ನು ಬಿಡುವ ಪ್ರಶ್ನೆಯೇ ಇಲ್ಲ.

ನಿಮ್ಮ ಹೊಲಕ್ಕೆ ಯಾವುದು?

ಹಸುಗಳ ಮೇವಿಗೆ ಮುಸುಕಿನ ಜೋಳ ಬೆಳೆದು ಅಟ್ರಜಿನ್ ಹೊಡೆದು, ಹಿಂದೆಯೇ ಬೀನ್ಸ್ ಅಥವಾ ಸೌತೆ ಹಾಕುವವರು ಜಾಸ್ತಿ. ಇಲ್ಲಿ ಮೂರನೆಯ ಅಳತೆ, ಅಂದರೆ ಮುಂದಿನ ಬೆಳೆಯ ಚಿಂತೆ ದೊಡ್ಡದು. ಅಟ್ರಜಿನ್ ಅರ್ಧಕ್ಕೆ ಇಳಿಯಲು ಸುಮಾರು 60 ದಿನ ಅಂತ ಪುಸ್ತಕದ ಲೆಕ್ಕ. ತೇವ, ಬಿಸಿ ಇದ್ದರೆ ಇನ್ನೂ ಬೇಗ, ಒಣಗಿದರೆ ನಿಧಾನ. ಮೇವಿನ ಜೋಳ ಎರಡು ಎರಡೂವರೆ ತಿಂಗಳಿಗೇ ಕಟಾವು ಆಗುತ್ತದೆ. ಅವರಿಗೆ ಕಳಿತ ಕೊಟ್ಟಿಗೆ ಗೊಬ್ಬರ, ಸಾಲದಿದ್ದರೆ ಅದರ ಜೊತೆ ಸಿಟಿ ಕಾಂಪೋಸ್ಟ್. ಬಿತ್ತನೆಗೆ ಎರಡು ಮೂರು ವಾರ ಮೊದಲೇ ಹಾಕಿ ಉಳುಮೆಯಲ್ಲಿ ಬೆರೆಸಿ. ಕೋಳಿ ಗೊಬ್ಬರ ಆಮೇಲಿನ ಬೀನ್ಸ್‌ಗೆ ಇಟ್ಟುಕೊಳ್ಳಿ.

ಮರಳು ಮಿಶ್ರಿತ ಇಳಿಜಾರು ಜಮೀನು, ಹತ್ತಿರದಲ್ಲೇ ಬೋರ್‌ವೆಲ್ ಅಥವಾ ತೆರೆದ ಬಾವಿ, ಬೆಳೆ ಆಲೂಗಡ್ಡೆ, ಔಷಧಿ ಮೆಟ್ರಿಬುಜಿನ್. ಇವರಿಗೆ ಗೊಬ್ಬರದ ಹಿಡಿತವೇ ಬೇಕು. ಸ್ವಲ್ಪ ಔಷಧಿ ಹಿಡಿದುಕೊಂಡು ಎರಡನೇ ಕಳೆ ಕೈಯಲ್ಲಿ ತೆಗೆಸಬೇಕಾದರೂ ಪರವಾಗಿಲ್ಲ. ಸಿಟಿ ಕಾಂಪೋಸ್ಟ್‌ಗೆ ದುಡ್ಡು ಹಾಕಬಹುದಾದ ಜಾಗ ಇದು. ಪ್ರತಿ ವರ್ಷ ಒಂದಿಷ್ಟು ಹಾಕುತ್ತಾ ಬಂದು 0.4ನ್ನು 0.6ಕ್ಕೆ ತಂದರೆ ಮಾತ್ರ ತಡೆ ನಿಜವಾಗಿ ನಿಲ್ಲುತ್ತದೆ. ಒಂದೇ ವರ್ಷಕ್ಕೆ ಆಗುವ ಕೆಲಸವಲ್ಲ.

ಈರುಳ್ಳಿಗೆ ಪೆಂಡಿಮೆಥಾಲಿನ್, ಆಕ್ಸಿಫ್ಲೋರ್ಫೆನ್ ಹೊಡೆಯುವವರಿಗೆ ಉಲ್ಟಾ. ಇವು ಮೊದಲೇ ಅಂಟುವ ಜಾತಿ. ಮೇಲ್ಮಣ್ಣಿನಲ್ಲಿ ಗೊಬ್ಬರ ಚೆಲ್ಲಿದ್ದರೆ ಕೆಲಸ ಕೆಡುತ್ತದೆ. ಯಾವ ಗೊಬ್ಬರವಾದರೂ ಸರಿ, ಪೂರ್ತಿ ಬೆರೆತಿರಬೇಕು, ಹೆಂಟೆ ಒಡೆದಿರಬೇಕು, ಮಣ್ಣು ಒದ್ದೆ ಇರಬೇಕು. ಕಳೆ ಸಾಯಲಿಲ್ಲ ಅಂತ ಡಬ್ಬದ ಮೇಲೆ ಬರೆದದ್ದಕ್ಕಿಂತ ಡೋಸ್ ಏರಿಸಬೇಡಿ. ಗೊಬ್ಬರ ಬೀಳದ ಜಾಗದಲ್ಲಿ ಆ ಹೆಚ್ಚಿನ ಡೋಸ್ ಬೆಳೆಯನ್ನೇ ಹಿಡಿಯುತ್ತದೆ.

ಮಳೆಯಾಶ್ರಯದ ರಾಗಿಗೆ, ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ, ಎಕರೆಗೆ ಮೂರು ಟನ್ ಮನೆಯ ಗೊಬ್ಬರ, ಸಾಲು ಬಿತ್ತನೆ, ಎರಡು ಸಲ ಎಡೆಕುಂಟೆ. ಔಷಧಿಯ ಪ್ರಶ್ನೆಯೇ ಅಲ್ಲಿ ಬೀಳುವುದಿಲ್ಲ, ಈ ಲೇಖನವೂ ಅವರಿಗೆ ಬೇಕಾಗಿರಲಿಲ್ಲ!

ಊರಿನೊಳಗೆ ತಾರಸಿ ತೋಟ ಮಾಡುವವರ ಚಿಂತೆ ತಿರುಗುಮುರುಗು. ಅವರು ಔಷಧಿ ಹೊಡೆಯುವುದಿಲ್ಲ, ಕೊಂಡ ಗೊಬ್ಬರದಲ್ಲೇ ಇದ್ದರೆ? 2,4-ಡಿ ಥರದವು ಕಾಂಪೋಸ್ಟ್ ಆಗುವಾಗ ಚೆನ್ನಾಗಿ ಒಡೆಯುತ್ತವೆ. ಎಲ್ಲವೂ ಹಾಗಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ಹುಲ್ಲುಗಾವಲಿಗೆ ಹೊಡೆದ ಅಮಿನೋಪೈರಾಲಿಡ್ ಹುಲ್ಲು, ಹಸು, ಸಗಣಿ ದಾಟಿ ಮನೆ ಹಿತ್ತಲಿನ ಟೊಮೆಟೊ ಗಿಡಗಳನ್ನು ಮುರುಟಿಸಿತ್ತು.

ಅನುಮಾನ ಇರುವ ಎಲ್ಲರಿಗೂ ಒಂದೇ ಪರೀಕ್ಷೆ, ಖರ್ಚೂ ಇಲ್ಲ. ಗೊಬ್ಬರದ ಅನುಮಾನವಾದರೆ ಅದನ್ನು ಅರ್ಧದಷ್ಟು ಒಳ್ಳೆ ಮಣ್ಣಿಗೆ ಬೆರೆಸಿ, ಬೀನ್ಸ್ ಬೀಜ ಊರಿ. ಹೊಲದ ಅನುಮಾನವಾದರೆ ನಾಲ್ಕಾರು ಕಡೆಯಿಂದ ಮೇಲಿನ ಹತ್ತು ಸೆಂಟಿಮೀಟರ್ ಮಣ್ಣು ತಂದು ಸಾಸಿವೆ ಅಥವಾ ಸೌತೆ ಹಾಕಿ. ಪಕ್ಕದಲ್ಲಿ ಔಷಧಿ ಬೀಳದ ಬದುವಿನ ಮಣ್ಣಿನ ಕುಂಡ ಇರಲಿ. ಅಟ್ರಜಿನ್ ಉಳಿದಿದ್ದರೆ ಮೊಳಕೆ ಚೆನ್ನಾಗಿಯೇ ಬರುತ್ತದೆ. ನಾಲ್ಕು ದಿನಕ್ಕೆ ಹಸಿರು ನೋಡಿ ಖುಷಿಪಡಬೇಡಿ. ಎರಡು ಮೂರು ನಿಜವಾದ ಎಲೆ ಬಂದ ಮೇಲೆ, ಹಳೆ ಎಲೆಯ ಅಂಚು ಹಳದಿ ತಿರುಗಿ ಸುಟ್ಟಂತಾಗುತ್ತದೆ. ಪೆಂಡಿಮೆಥಾಲಿನ್‌ಗೆ ರಾಗಿ ಬಿತ್ತಿ, ಕಿತ್ತು ಬೇರು ನೋಡಿ: ಗಿಡ್ಡಗೆ, ತುದಿ ಊದಿಕೊಂಡಿರುತ್ತದೆ. ಗೊಬ್ಬರದಲ್ಲಿ ಅಮಿನೋಪೈರಾಲಿಡ್ ಥರದ ಔಷಧಿ ಇದ್ದರೆ ಬೀನ್ಸ್ ಎಲೆ ಬಟ್ಟಲಿನಂತೆ ಮುದುಡುತ್ತದೆ. ಮೂರು ವಾರ ಕಾಯಲು ಪುರುಸೊತ್ತಿಲ್ಲ ಅನ್ನುವವರು ಆ ಹೊಲಕ್ಕೆ ಮತ್ತೆ ಮುಸುಕಿನ ಜೋಳವನ್ನೇ ಹಾಕಲಿ, ಅದಕ್ಕೆ ಅಟ್ರಜಿನ್ ಏನೂ ಮಾಡುವುದಿಲ್ಲ.